ಮಕ್ಕಳು ಕೇಳುವ ಹಾಡು ಮತ್ತು ಮಕ್ಕಳ ಭಾವಲೋಕ: ಚೆನ್ನೈಯ ಕನ್ನಡ ಮನೆಗಳ ಹಿನ್ನೆಲೆಯಲ್ಲಿ ಒಂದು ವಿವೇಚನೆ

1. ವಿಷಯ ಪ್ರವೇಶ

ಮಕ್ಕಳ ಹಾಡನ್ನು ಕುರಿತ ಕನ್ನಡದ ಚರ್ಚೆ ಬಹುಮಟ್ಟಿಗೆ ಹಾಡನ್ನು ಬರೆದವರ ಕಡೆಯಿಂದ ನಡೆದಿದೆ. ಭಾಷೆ ಸರಳವಾಗಿದೆಯೆ, ಪ್ರಾಸ ಹಿತವಾಗಿದೆಯೆ, ನೀತಿ ಎದ್ದು ಕಾಣುತ್ತದೆಯೆ ಅಥವಾ ಕಥೆಯೊಳಗೆ ಕರಗಿದೆಯೆ ಎಂಬ ಪ್ರಶ್ನೆಗಳನ್ನು ವಿಮರ್ಶೆ ಕೇಳಿಕೊಂಡು ಬಂದಿದೆ. ಹಾಡನ್ನು ಕೇಳುವ ಮಗುವಿನ ಕಡೆಯಿಂದ ಹೊರಟರೆ ಪ್ರಶ್ನೆಗಳು ಬೇರೆಯಾಗುತ್ತವೆ. ನೂರಾರು ಹಾಡುಗಳು ಕಿವಿಗೆ ಬೀಳುತ್ತಿರುವಾಗ ಮಗು ಒಂದನ್ನೇ ಹಿಡಿದು ಏಕೆ ಕೂರುತ್ತದೆ? ಅದನ್ನು ಯಾವ ಹೊತ್ತಿನಲ್ಲಿ ಬಯಸುತ್ತದೆ? ಯಾವ ಪದವನ್ನು ಬದಲಿಸಿ ಹಾಡಿಕೊಳ್ಳುತ್ತದೆ? ಈ ಪ್ರಶ್ನೆಗಳಿಗೆ ಉತ್ತರ ಹುಡುಕಿದರೆ ಮಗುವಿನ ಮನಸ್ಸಿನ ಒಂದು ಮೂಲೆ ಬೆಳಕಿಗೆ ಬರುತ್ತದೆ.

ಚೆನ್ನೈಯಂಥ ನಗರದಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಿಗೆ ಈ ಪ್ರಶ್ನೆ ಕೇವಲ ಶಾಸ್ತ್ರಚರ್ಚೆಯ ವಿಷಯವಾಗಿ ಉಳಿಯುವುದಿಲ್ಲ. ಅಲ್ಲಿ ಅಜ್ಜಿ ಕನ್ನಡದಲ್ಲಿ ಮಾತನಾಡಿಸುತ್ತಾಳೆ, ಬೀದಿ ತಮಿಳಿನಲ್ಲಿ ಕರೆಯುತ್ತದೆ, ಶಾಲೆ ಇಂಗ್ಲಿಷಿನಲ್ಲಿ ಪಾಠ ಹೇಳುತ್ತದೆ. ಮಗುವಿನ ಮಾತು ಮೂರು ಭಾಷೆಗಳಿಗೆ ಹಂಚಿಹೋಗಿರುತ್ತದೆ. ಲೆಕ್ಕ ಹೇಳಲು ಇಂಗ್ಲಿಷ್, ಜಗಳವಾಡಲು ತಮಿಳು, ಹಸಿವು ನಿದ್ರೆಗಳಿಗೆ ಕನ್ನಡ. ಆದರೆ ಒಳಗಿನ ಕಸಿವಿಸಿಯನ್ನು ಹೇಳಿಕೊಳ್ಳಲು ಯಾವ ಭಾಷೆಯೂ ಪೂರ್ತಿಯಾಗಿ ಕೈಗೆ ಬಂದಿರುವುದಿಲ್ಲ. ಇಂಥ ಮಗು ತನ್ನಷ್ಟಕ್ಕೆ ಒಂದು ಹಾಡನ್ನು ಕೇಳುತ್ತ ಕುಳಿತಾಗ ತಂದೆತಾಯಿಗಳು ಆ ಹಾಡಿನಿಂದಲೇ ಅದರ ಮನಸ್ಸನ್ನು ಓದಲು ಯತ್ನಿಸುವುದು ಸಹಜ. ದುಃಖದ ಹಾಡಾದರೆ ಮಗು ದುಃಖದಲ್ಲಿದೆ, ಅಬ್ಬರದ ಹಾಡಾದರೆ ಮಗು ಹಾದಿ ತಪ್ಪುತ್ತಿದೆ ಎಂದು ತೀರ್ಮಾನಿಸುವುದೂ ಅಷ್ಟೇ ಸಾಮಾನ್ಯ. ಈ ತೀರ್ಮಾನ ಎಷ್ಟರಮಟ್ಟಿಗೆ ಸರಿ, ಹಾಡಿನ ಮೂಲಕ ಮಗುವಿನ ಭಾವವನ್ನು ಅರಿಯುವ ನಿಜವಾದ ದಾರಿ ಯಾವುದು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

2. ಶಿಶುವಿನ ಕಿವಿ

ಗಾನರಸವನ್ನು ಶಿಶುವೂ ಪಶುವೂ ಸರ್ಪವೂ ಬಲ್ಲವು ಎಂಬ ಅರ್ಥದ ಪ್ರಾಚೀನ ಸೂಕ್ತಿಯೊಂದು ಸಂಗೀತದ ವೇದಿಕೆಗಳಲ್ಲಿ ಮತ್ತೆ ಮತ್ತೆ ಕೇಳಿಬರುತ್ತದೆ. ಸರ್ಪದ ವಿಷಯ ಹೇಗೇ ಇರಲಿ, ಶಿಶುವಿನ ವಿಷಯದಲ್ಲಿ ಈಚಿನ ಮನಶ್ಶಾಸ್ತ್ರ ಆ ಮಾತಿಗೆ ಒಂದಿಷ್ಟು ಆಧಾರ ಒದಗಿಸಿದೆ. ಹುಟ್ಟಿ ಮೂರು ದಿನ ತುಂಬದ ಕೂಸು ಪರಸ್ತ್ರೀಯ ದನಿಗಿಂತ ತಾಯಿಯ ದನಿಯನ್ನು ಬಯಸುತ್ತದೆಯೆಂದು ಡಿಕಾಸ್ಪರ್ ಮತ್ತು ಫೈಫರ್ ಎಂಬ ವಿದ್ವಾಂಸರು 1980ರಲ್ಲಿ ತೋರಿಸಿದರು. ಕೂಸು ಚೀಪುವ ಲಯವನ್ನು ಬದಲಿಸಿದಾಗ ತಾಯಿಯ ದನಿ ಕೇಳಿಸುವಂತೆ ಅವರು ಏರ್ಪಾಟು ಮಾಡಿದ್ದರು. ಕೂಸು ಆ ದನಿಗಾಗಿ ತನ್ನ ಲಯವನ್ನೇ ಬದಲಿಸಿಕೊಂಡಿತು. ತಾನು ಎಂದೂ ಕೇಳದ ಪರದೇಶದ ಜೋಗುಳವನ್ನು ಕೇಳಿದಾಗಲೂ ಶಿಶುಗಳ ಹೃದಯದ ಬಡಿತ ನಿಧಾನವಾಗುತ್ತದೆಯೆಂಬುದು 2021ರಲ್ಲಿ ಪ್ರಕಟವಾದ, ಅಮೆರಿಕದಲ್ಲಿ ನಡೆದ ಅಧ್ಯಯನವೊಂದರ ನಿರ್ಣಯ. ಭಾಷೆ ತಿಳಿಯಬೇಕಾಗಿಲ್ಲ, ಪರಿಚಯವೂ ಬೇಕಾಗಿಲ್ಲ. ಜೋಗುಳದ ನಡೆಯೇ ಶಿಶುವಿಗೆ ಸಾಕು.

ಕನ್ನಡದ ಜೋಗುಳಗಳನ್ನು ಈ ಬೆಳಕಿನಲ್ಲಿ ನೋಡಿದರೆ ಒಂದು ಕುತೂಹಲದ ಸಂಗತಿ ಗೋಚರಿಸುತ್ತದೆ. ಹಲಸಂಗಿ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ಸಂಕಲನವನ್ನು ಹೊರತಂದ ಮೇಲೆ ಕನ್ನಡದ ಹೆಣ್ಣುಮಕ್ಕಳ ತ್ರಿಪದಿಗಳಿಗೆ ವಿದ್ವತ್‌ಲೋಕದ ಗಮನ ದೊರೆಯಿತು. ತೊಟ್ಟಿಲಿನ ಮುಂದೆ ಹಾಡುವ ಪದಗಳಲ್ಲಿ ಕೂಸಿನ ವರ್ಣನೆಯಷ್ಟೇ ತಾಯಿಯ ಬದುಕೂ ಇದೆ. ತವರಿನ ನೆನಪು, ಅಣ್ಣನ ಹಿರಿಮೆ, ಮುಗಿಯದ ಮನೆಗೆಲಸ, ಬಂಜೆಯೆನಿಸಿಕೊಂಡ ದಿನಗಳ ನೋವು ಇವೆಲ್ಲ ಅಲ್ಲಿ ಬರುತ್ತವೆ. ಅಳುವ ಕಂದನ ತುಟಿಯನ್ನೂ ಹುಬ್ಬನ್ನೂ ಚೆಲುವಾದ ಉಪಮೆಗಳಿಂದ ಬಣ್ಣಿಸುವ ಪ್ರಸಿದ್ಧ ತ್ರಿಪದಿಯಲ್ಲಿ ಮಗುವಿನ ಅಳು ತಾಯಿಯ ಕಣ್ಣಿಗೆ ಸೌಂದರ್ಯವಾಗಿಬಿಟ್ಟಿದೆ. ಅಳುವ ಕೂಸಿಗೆ ಆ ಸೌಂದರ್ಯ ತಿಳಿಯದು. ತಾಯಿಯ ದನಿ, ತೊಟ್ಟಿಲಿನ ತೂಗು, ಮತ್ತೆ ಮತ್ತೆ ಮರಳಿ ಬರುವ ಸೊಲ್ಲು ಇಷ್ಟೇ ಅದಕ್ಕೆ ಮುಟ್ಟುವುದು. ಒಂದೇ ಹಾಡಿನಲ್ಲಿ ಹಾಡುವವಳ ದುಃಖ ಹಗುರಾಗುತ್ತದೆ, ಕೇಳುವ ಕೂಸಿಗೆ ನಿದ್ರೆ ಬರುತ್ತದೆ. ಹಾಡಿನ ಮಾತಿನಲ್ಲಿರುವ ಭಾವ, ಹಾಡುವವರ ಭಾವ, ಕೇಳುವವರ ಭಾವ ಈ ಮೂರೂ ಬೇರೆ ಬೇರೆಯಾಗಿರಬಹುದೆಂಬ ಪಾಠ ತೊಟ್ಟಿಲಿನಲ್ಲಿಯೇ ದೊರೆಯುತ್ತದೆ.

ಮುಂದೆ ಬೆಳೆದಂತೆ ಮಗು ಹಾಡಿನ ಭಾವವನ್ನು ಗುರುತಿಸಲು ಕಲಿಯುತ್ತದೆ. ಈ ಕಲಿಕೆಗೆ ಒಂದು ಕ್ರಮವಿದೆ. ಕೆನಡಾದಲ್ಲಿ ನಡೆದು 2001ರಲ್ಲಿ ಪ್ರಕಟವಾದ ಸಂಶೋಧನೆಯೊಂದರ ಪ್ರಕಾರ ಐದು ವರ್ಷದ ಮಕ್ಕಳು ಪಾಶ್ಚಾತ್ಯ ಸಂಗೀತದಲ್ಲಿ ಸುಖದುಃಖಗಳನ್ನು ಕೇವಲ ಗತಿಯಿಂದ ಗುರುತಿಸುತ್ತಾರೆ. ವೇಗವಾದದ್ದು ಸಂತೋಷ, ವಿಳಂಬವಾದದ್ದು ದುಃಖ. ಸ್ವರಗಳ ಏರ್ಪಾಡಿನಿಂದ ಭಾವವನ್ನು ಅರಿಯುವ ಶಕ್ತಿ ಆರರಿಂದ ಎಂಟು ವರ್ಷದ ಹೊತ್ತಿಗೆ ಕಾಣಿಸಿಕೊಳ್ಳುತ್ತದೆ. ಮೂರು ನಾಲ್ಕು ವರ್ಷದ ಮಕ್ಕಳಲ್ಲಿ ಈ ಎರಡೂ ಸ್ಪಷ್ಟವಾಗಿ ಕಂಡುಬರಲಿಲ್ಲ. ಹಾಗಾದರೆ ಮೂರು ವರ್ಷದ ಮಗು ವಿಷಾದದ ಚಿತ್ರಗೀತೆಯೊಂದನ್ನು ಬಯಸಿದಾಗ ಹಿರಿಯರು ಕೇಳುವ ವಿಷಾದವನ್ನು ಅದು ಕೇಳುತ್ತಿರಲಾರದು. ವಯಸ್ಸನ್ನು ಬದಿಗಿಟ್ಟು ಹಾಡಿನಿಂದ ಮಗುವಿನ ಮನಸ್ಸನ್ನು ಓದುವುದು ಅಪಾಯಕರ.

3. ಹಾಡಿನ ಭಾವ ಮತ್ತು ಕೇಳುಗನ ಭಾವ

ಭಾರತೀಯ ಕಾವ್ಯಮೀಮಾಂಸೆಗೆ ಈ ಸಮಸ್ಯೆ ಅಪರಿಚಿತವಲ್ಲ. ಕರುಣರಸದ ನಾಟಕವನ್ನು ನೋಡಿ ಅಳುವವನು ಮತ್ತೆ ಅದೇ ನಾಟಕಕ್ಕೆ ಏಕೆ ಬರುತ್ತಾನೆ ಎಂಬ ಪ್ರಶ್ನೆಗೆ ಆಲಂಕಾರಿಕರು ಸಾಧಾರಣೀಕರಣದ ತತ್ತ್ವದಿಂದ ಉತ್ತರ ಹೇಳಿದರು. ಕಾವ್ಯದಲ್ಲಿ ಶೋಕ ಯಾರೊಬ್ಬರದೂ ಆಗಿ ಉಳಿಯದೆ ಎಲ್ಲರದೂ ಆಗುತ್ತದೆ. ಸಹೃದಯನು ತನ್ನ ಸ್ವಂತ ಸುಖದುಃಖಗಳಿಂದ ಬಿಡಿಸಿಕೊಂಡು ಅದನ್ನು ಆಸ್ವಾದಿಸುತ್ತಾನೆ. ಈ ವಿಚಾರವನ್ನು ಕನ್ನಡದ ವಿದ್ಯಾರ್ಥಿಗಳು ತೀ.ನಂ.ಶ್ರೀಕಂಠಯ್ಯನವರ ‘ಭಾರತೀಯ ಕಾವ್ಯಮೀಮಾಂಸೆ’ಯಿಂದ ಅರಿತಿದ್ದಾರೆ.

ಮಗುವಿನಲ್ಲಿ ನಡೆಯುವುದು ಬಹುಮಟ್ಟಿಗೆ ಇದರ ವಿಲೋಮಕ್ರಿಯೆ. ಎಲ್ಲರಿಗಾಗಿ ಹುಟ್ಟಿದ ಹಾಡನ್ನು ಮಗು ತನ್ನೊಬ್ಬನದಾಗಿ ಮಾಡಿಕೊಳ್ಳುತ್ತದೆ. ಸಹೃದಯನು ತನ್ನನ್ನು ಮರೆತು ಹಾಡಿನೊಳಗೆ ಹೋದರೆ ಮಗು ಹಾಡನ್ನೇ ತನ್ನ ಮನೆಯೊಳಗೆ ಎಳೆದುತರುತ್ತದೆ. ಅದರ ಗೊಂಬೆ, ಅದರ ನಾಯಿಮರಿ, ಅದರ ಹೆದರಿಕೆ ಹಾಡಿನೊಳಗೆ ಬಂದು ಸೇರುತ್ತವೆ. ಆದ್ದರಿಂದ ಹಾಡಿನ ಪ್ರಧಾನರಸ ಯಾವುದೆಂದು ನಿರ್ಣಯಿಸಿ, ಮಗುವಿನ ಭಾವವೂ ಅದೇ ಎಂದು ಹೇಳುವುದು ಸಾಧುವಲ್ಲ.

ಜಿ.ಪಿ.ರಾಜರತ್ನಂ ಅವರ ಪ್ರಸಿದ್ಧ ಪದ್ಯ ‘ತುತ್ತೂರಿ’ಯನ್ನು ತೆಗೆದುಕೊಳ್ಳಬಹುದು. ಹುಡುಗನೊಬ್ಬ ಬಣ್ಣದ ತುತ್ತೂರಿಯನ್ನು ಕೊಂಡು ಊದುತ್ತಾನೆ, ತನಗೆ ಸಮಾನರಿಲ್ಲವೆಂದು ಬೀಗುತ್ತಾನೆ, ತುತ್ತೂರಿ ಜಾರಿ ನೀರಿಗೆ ಬೀಳುತ್ತದೆ, ಅದರ ದನಿ ನಿಂತುಹೋಗುತ್ತದೆ. ಹಿರಿಯರಿಗೆ ಇದು ಜಂಬಕ್ಕೆ ಆದ ಶಾಸ್ತಿ. ಪಾಠ ಹೇಳುವವರೂ ಈ ನೀತಿಯನ್ನೇ ಎತ್ತಿ ಹೇಳುತ್ತಾರೆ. ನಾಲ್ಕು ವರ್ಷದ ಮಗುವಿಗೆ ಅದು ಮೊದಲಿಗೆ ದನಿಯ ಸಂಭ್ರಮ, ಕೊನೆಗೆ ಒಂದು ಆಟದ ಸಾಮಾನಿನ ನಷ್ಟ. ತುತ್ತೂರಿ ಮತ್ತೆ ಊದುತ್ತದೆಯೆ ಎಂದು ಕೇಳುವ ಮಗು ನೀತಿಯನ್ನು ಅರಿಯದ ದಡ್ಡನಲ್ಲ. ಹಾಡಿನಲ್ಲಿ ಸತ್ತ ದನಿಯ ಬಗ್ಗೆ ಅದಕ್ಕೆ ನಿಜವಾದ ಕಳವಳವಿದೆ. ‘ಜಂಬ ಪಡಬಾರದು’ ಎಂಬ ಉತ್ತರ ಆ ಕಳವಳವನ್ನು ಮುಟ್ಟುವುದಿಲ್ಲ.

ಸಂಗೀತ ಮತ್ತು ಮಕ್ಕಳ ಸಂಬಂಧವನ್ನೇ ವಸ್ತುವಾಗಿ ಉಳ್ಳ ಕನ್ನಡದ ಬಹುಪರಿಚಿತ ಕೃತಿಯೆಂದರೆ ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’. ಇದರ ಮೂಲ ಇಂಗ್ಲಿಷ್ ಕವಿ ರಾಬರ್ಟ್ ಬ್ರೌನಿಂಗ್ 1842ರಲ್ಲಿ ಪ್ರಕಟಿಸಿದ ಕಥನಕವನ. ಬ್ರೌನಿಂಗನ ಕವನದಲ್ಲಿ ಒಂದು ಸೂಕ್ಷ್ಮವಿದೆ. ವಾದ್ಯ ಒಂದೇ, ವಾದಕನೂ ಒಬ್ಬನೇ. ಆ ನಾದದಲ್ಲಿ ಇಲಿಗಳಿಗೆ ರುಚಿಯಾದ ತಿನಿಸುಗಳ ಕರೆ ಕೇಳಿಸುತ್ತದೆ; ಮಕ್ಕಳಿಗೆ ಸುಖದ ನಾಡೊಂದರ ಕರೆ ಕೇಳಿಸುತ್ತದೆ; ಕೊಟ್ಟ ಮಾತಿಗೆ ತಪ್ಪಿದ ಊರ ಹಿರಿಯರಿಗೆ ಏನೂ ಕೇಳಿಸುವುದಿಲ್ಲ, ಮಕ್ಕಳು ಹೊಳೆಯ ಕಡೆಗೆ ನಡೆದಾರೆಂಬ ಭಯದಲ್ಲಿ ಅವರು ಮರಗಟ್ಟಿ ನಿಲ್ಲುತ್ತಾರೆ. ಆ ಸಂಗೀತ ಮಕ್ಕಳಿಗೆ ಏನು ಹೇಳಿತೆಂಬುದು ಊರಿಗೆ ತಿಳಿಯುವುದು ಹಿಂದುಳಿದ ಒಬ್ಬ ಕುಂಟ ಬಾಲಕನ ಬಾಯಿಂದ. ಆ ಬಾಲಕ ಮುಂದೆ ಎಷ್ಟೋ ವರ್ಷ ಖಿನ್ನನಾಗಿ ಉಳಿಯುತ್ತಾನೆ. ಅವನು ಹೇಳದಿದ್ದರೆ, ಅಥವಾ ಅವನ ಮಾತನ್ನು ಯಾರೂ ಕೇಳದಿದ್ದರೆ, ಆ ಸಂಗೀತ ಹಿರಿಯರಿಗೆ ಮಾಟವಾಗಿಯೇ ಉಳಿಯುತ್ತಿತ್ತು. ಮಕ್ಕಳ ಸಂಗೀತವನ್ನು ದೂರುವ ಪ್ರತಿಯೊಂದು ಕಾಲದ ಹಿರಿಯರಿಗೂ ಈ ಬಾಲಕನ ಸಾಕ್ಷ್ಯ ಅಗತ್ಯ.

4. ಭಯ, ಅವಮಾನ, ಆಕರ್ಷಣೆ

ಮಕ್ಕಳ ಭಾವಗಳೆಂದರೆ ಸಂತೋಷ, ಮುಗ್ಧತೆ, ತುಂಟತನ ಎಂದು ಮಾತ್ರ ತಿಳಿಯುವ ರೂಢಿಯಿದೆ. ಕನ್ನಡದ ಪರಂಪರೆ ಇದಕ್ಕಿಂತ ಆಳಕ್ಕೆ ಹೋಗಿದೆ. ಗುಮ್ಮನನ್ನು ಕರೆಯಬೇಡವೆಂದು ಬಾಲಕೃಷ್ಣ ತಾಯಿಯನ್ನು ಬೇಡಿಕೊಳ್ಳುವ ಪುರಂದರದಾಸರ ಪದ ಮನೆಮನೆಗಳಲ್ಲಿ ಪ್ರಚಲಿತವಾಗಿದೆ. ಹಿರಿಯರು ಮಗುವನ್ನು ಗುಮ್ಮನ ಹೆಸರಿನಿಂದ ಹೆದರಿಸುತ್ತಾರೆ. ಹೆದರಿದ ಮಗುವಿನ ಬಾಯಿಂದ ಆ ಭಯವನ್ನು ಕೇಳಿಸಿಕೊಳ್ಳುವುದು ಅಪರೂಪ. ದಾಸರು ಪದವನ್ನು ಮಗುವಿನ ಬಾಯಿಗೆ ಕೊಟ್ಟಿದ್ದಾರೆ. ಇನ್ನು ಮೇಲೆ ಒಳ್ಳೆಯವನಾಗಿರುತ್ತೇನೆಂದು ಮಗು ಮಾತು ಕೊಡುತ್ತ ಹೋದಂತೆ ನಗುವೂ ಬರುತ್ತದೆ, ಮರುಕವೂ ಹುಟ್ಟುತ್ತದೆ. ಲೋಕವನ್ನೇ ಕಾಯುವ ದೇವರು ಗುಮ್ಮನಿಗೆ ಹೆದರುತ್ತಾನೆಂಬ ಭಕ್ತಿಯ ಚಮತ್ಕಾರ ಹಿರಿಯರಿಗೆ. ‘ದೇವರಿಗೂ ನನ್ನಂತೆ ಹೆದರಿಕೆಯಾಗುತ್ತದೆ’ ಎಂಬ ಸಮಾಧಾನ ಮಗುವಿಗೆ. ರಾತ್ರಿ ದೀಪ ಆರಿಸುವ ಹೊತ್ತಿನಲ್ಲಿ ಮಗು ಈ ಪದವನ್ನೇ ಹಾಡಿಸಿಕೊಳ್ಳಲು ಬಯಸಿದರೆ, ಹಗಲಿನಲ್ಲಿ ಅದನ್ನು ನಗುತ್ತ ಹಾಡುವ ಮಗುವಿಗಿಂತ ಅದರ ಸ್ಥಿತಿ ಬೇರೆಯೆಂದು ತಿಳಿಯಬೇಕು. ಆಟಕ್ಕೆ ಹೋದ ಕೃಷ್ಣ, ಜೊತೆಯ ಮಕ್ಕಳು ತನ್ನನ್ನು ಹಾಸ್ಯ ಮಾಡಿದರೆಂದು ತಾಯಿಗೆ ದೂರು ಹೇಳುವ ಪದವೂ ದಾಸಸಾಹಿತ್ಯದಲ್ಲಿದೆ. ಶಾಲೆಯಲ್ಲಿ ಮಾತಿನ ಉಚ್ಚಾರಣೆಗಾಗಿ, ಮನೆಯ ಭಾಷೆಗಾಗಿ ನಗೆಗೀಡಾದ ಮಗುವಿಗೆ ಅದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

‘ಕವಿಶಿಷ್ಯ’ ಎಂಬ ಹೆಸರಿನಲ್ಲಿ ಬರೆದ ಪಂಜೆ ಮಂಗೇಶರಾಯರ (1874-1937) ‘ನಾಗರಹಾವು’ ಪದ್ಯ ಇನ್ನೊಂದು ಬಗೆಯದು. ಮಗು ಹಾವನ್ನು ಹೊಗಳುತ್ತದೆ, ಹಾಲು ಕೊಡುವೆನೆನ್ನುತ್ತದೆ, ಬಾ ಎಂದು ಕರೆಯುತ್ತದೆ; ಕೊನೆಗೆ ಹೋಗೆಂದು ಕಳಿಸುತ್ತದೆ. ಆಕರ್ಷಣೆ ಮತ್ತು ಭಯ ಒಂದೇ ಉಸಿರಿನಲ್ಲಿ ಇರಬಲ್ಲವೆಂಬ ಬಾಲಮನಸ್ಸಿನ ಸತ್ಯವನ್ನು ಪಂಜೆಯವರು ಯಾವ ವಿವರಣೆಯೂ ಇಲ್ಲದೆ ಹಿಡಿದಿದ್ದಾರೆ. ಅವರು ಬಾಳಿದ ಕಾಲದ ದಕ್ಷಿಣ ಕನ್ನಡ ಮದರಾಸು ಪ್ರಾಂತಕ್ಕೆ ಸೇರಿತ್ತು. 1956ರ ರಾಜ್ಯ ಪುನರ್ವಿಂಗಡಣೆಯವರೆಗೂ ಆ ಸಂಬಂಧ ಉಳಿದಿತ್ತು. ಶಾಲೆಗಳೊಡನೆ ಜೀವಮಾನವೆಲ್ಲ ಒಡನಾಡಿದ ಪಂಜೆಯವರು ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲವನ್ನು ಕಟ್ಟಿ ಮಕ್ಕಳಿಗಾಗಿ ಪುಸ್ತಕಗಳನ್ನು ಹೊರತಂದರು. ಮಕ್ಕಳ ಹಾಡಿನ ಹೊಸಗನ್ನಡ ಪರಂಪರೆಯ ಒಂದು ಬೇರು ಹೀಗೆ ಮದರಾಸು ಪ್ರಾಂತದ ಶಾಲೆಗಳಲ್ಲಿದೆ.

5. ಚೆನ್ನೈಯ ಸಂದರ್ಭ

ಇಂದಿನ ಚೆನ್ನೈಯ ಮಗುವಿನ ಕಿವಿಗೆ ಬೀಳುವ ಸಂಗೀತ ಹಲವು ಪದರಗಳದು. ಮೊದಲನೆಯ ಪದರ ಕರ್ನಾಟಕ ಸಂಗೀತ. ಮೈಲಾಪುರದ ಮನೆಯೊಂದರಲ್ಲಿ ಪಾಠಕ್ಕೆ ಕುಳಿತ ಮಗು ತಮಿಳಾಗಲಿ ತೆಲುಗಾಗಲಿ ಕನ್ನಡವಾಗಲಿ, ಮಾಯಾಮಾಳವಗೌಳದ ಸರಳೆಯನ್ನು ಮುಗಿಸಿ ಮಲಹರಿ ರಾಗದ ಪಿಳ್ಳಾರಿ ಗೀತೆಗಳಿಗೆ ಬರುತ್ತದೆ. ಈ ಪಾಠಕ್ರಮವನ್ನು ಸಂಪ್ರದಾಯ ಪುರಂದರದಾಸರಿಗೆ ಸಲ್ಲಿಸುತ್ತದೆ. ದಾಸರ ಪದಗಳನ್ನು ಮದರಾಸಿನ ವೇದಿಕೆಗಳಲ್ಲಿ ನೆಲೆಗೊಳಿಸಿದವರಲ್ಲಿ ಲಲಿತಾಂಗಿ ಮತ್ತು ಅವರ ಮಗಳು ಎಂ.ಎಲ್.ವಸಂತಕುಮಾರಿ (1928-1990) ಮುಖ್ಯರು. ಹೀಗಾಗಿ ಮನೆಯಲ್ಲಿ ಕನ್ನಡವನ್ನು ಅರೆಬರೆ ಆಡುವ ಮಗು, ಸಂಗೀತದ ಪಾಠದಲ್ಲಿ ಕನ್ನಡವನ್ನು ಸ್ಫುಟವಾಗಿ ಉಚ್ಚರಿಸುವ ವಿಚಿತ್ರ ಸನ್ನಿವೇಶ ಚೆನ್ನೈಯಲ್ಲಿ ಏರ್ಪಡುತ್ತದೆ. ನಾಚುತ್ತ ಮಾತನಾಡುವ ಮಗು ಹಾಡುವಾಗ ನಾಚದಿದ್ದರೆ, ಅದಕ್ಕೆ ಭಾಷೆಯ ಮೇಲೆ ಪ್ರೀತಿಯಿಲ್ಲವೆಂದು ಹೇಳುವಂತಿಲ್ಲ. ಮಾತಿನಲ್ಲಿ ತಪ್ಪಿದರೆ ನಗುವವರಿದ್ದಾರೆ, ಹಾಡಿನಲ್ಲಿ ಕಾಯುವ ತಾಳವಿದೆ.

ಎರಡನೆಯ ಪದರ ಚಲನಚಿತ್ರ ಸಂಗೀತ. ಕನ್ನಡ ಚಿತ್ರಗೀತೆಗಳು ಬಹುಕಾಲ ಮದರಾಸಿನ ಸ್ಟುಡಿಯೋಗಳಲ್ಲಿಯೇ ಧ್ವನಿಮುದ್ರಣಗೊಂಡವು. ಬಿ.ಆರ್.ಪಂತುಲು ಅವರ ‘ಸ್ಕೂಲ್ ಮಾಸ್ಟರ್’ (1958) ಚಿತ್ರದಲ್ಲಿ ಮಕ್ಕಳು ಸೇರಿ ಹಾಡುವ ಪ್ರಾರ್ಥನೆ ಎಷ್ಟೋ ಶಾಲೆಗಳ ಬೆಳಗಿನ ಪ್ರಾರ್ಥನೆಯಾಗಿ ನಿಂತಿತು. ಕಿವುಡುತನವನ್ನು ವಸ್ತುವಾಗಿ ಉಳ್ಳ, ಎನ್.ಲಕ್ಷ್ಮೀನಾರಾಯಣ ಅವರ ‘ನಾಂದಿ’ (1964) ಚಿತ್ರದಲ್ಲಿ ಪಿ.ಬಿ.ಶ್ರೀನಿವಾಸ್ ಅವರ ಕಂಠದ ಜೋಗುಳವಿದೆ. ಕೇಳಿಸುವುದೆಂದರೇನು ಎಂಬ ಪ್ರಶ್ನೆಯನ್ನು ಜೋಗುಳದ ಪಕ್ಕದಲ್ಲಿ ಇಟ್ಟ ಕೃತಿಯದು. ಕನ್ನಡದ ಸಂಗೀತ ನಿರ್ದೇಶಕ ಜಿ.ಕೆ.ವೆಂಕಟೇಶ್ ಅವರ ಬಳಿ ಸಹಾಯಕರಾಗಿದ್ದ ಇಳಯರಾಜ ಮುಂದೆ ತಮಿಳು ಚಿತ್ರಸಂಗೀತದ ದಿಕ್ಕನ್ನೇ ಬದಲಿಸಿದರು. ಕನ್ನಡ ಚಿತ್ರಗಳಿಗೂ ಸಂಗೀತ ಒದಗಿಸಿದರು. ಅವರು ಸಂಗೀತ ನೀಡಿದ, ಮಣಿರತ್ನಂ ನಿರ್ದೇಶನದ ‘ಅಂಜಲಿ’ (1990) ಮಕ್ಕಳ ಗುಂಪುಹಾಡುಗಳಿಂದ ತುಂಬಿದ ಚಿತ್ರ. ‘ನಮ್ಮ ಮಗು ತಮಿಳು ಹಾಡನ್ನೇ ಕೇಳುತ್ತದೆ’ ಎಂದು ಕೊರಗುವ ಮನೆಯವರು ಈ ಕೊಡುಕೊಳೆಯನ್ನು ನೆನೆಯಬೇಕು. ಮಗು ತಮಿಳು ಹಾಡನ್ನು ಆರಿಸಿಕೊಳ್ಳುವುದು ಕನ್ನಡವನ್ನು ಬಿಡಲೆಂದಲ್ಲ, ನಾಳೆ ತರಗತಿಯಲ್ಲಿ ಗೆಳೆಯರ ಜೊತೆ ಹಾಡಲೆಂದು ಇರಬಹುದು. ಆಗ ಆ ಹಾಡು ತಿಳಿಸುವ ಭಾವ ಹಾಡಿನ ವಸ್ತುವಾದ ಪ್ರೇಮವೋ ವಿರಹವೋ ಅಲ್ಲ. ಗುಂಪಿಗೆ ಸೇರಬೇಕೆಂಬ ಹಂಬಲ.

ಚಿತ್ರಗೀತೆಗಳಲ್ಲಿ ಬರುವ ಮಗುವಿನ ದನಿಯನ್ನು ಕುರಿತು ಒಂದು ಎಚ್ಚರ ಅಗತ್ಯ. ಎಸ್.ಜಾನಕಿಯವರು ಮಗುವಿನ ಕಂಠದಲ್ಲಿ ಹಾಡುವ ಅಸಾಧಾರಣ ಕೌಶಲದಿಂದ ಹೆಸರಾದವರು. ಆ ಕೌಶಲ ಮೆಚ್ಚತಕ್ಕದ್ದೇ. ಆದರೆ ಅದು ಹಿರಿಯರು ಕಲ್ಪಿಸಿಕೊಂಡ ಮಗು. ಅಂಥ ಹಾಡನ್ನು ಅನುಕರಿಸುವ ಮಗು ತನ್ನ ಭಾವವನ್ನು ತೋರಿಸುತ್ತಿದೆಯೆ, ಹಿರಿಯರು ಮೆಚ್ಚುವ ಮಗುತನವನ್ನು ಅಭಿನಯಿಸುತ್ತಿದೆಯೆ ಎಂದು ಬೇರ್ಪಡಿಸುವುದು ಸುಲಭವಲ್ಲ. ನೆಂಟರ ಮುಂದೆ ಹಾಡಿಸುವ ಹಾಡಿನಿಂದ ಮಗುವಿನ ಮನಸ್ಸನ್ನು ತಿಳಿಯಲಾಗದು. ಯಾರೂ ನೋಡದಾಗ ಅದು ಗುನುಗುವ ಹಾಡೇ ಬೇರೆ.

ಮೂರನೆಯದು, ಕೇಳುವ ರೀತಿಯಲ್ಲಿಯೇ ಆದ ಬದಲಾವಣೆ. ಮದರಾಸಿನ ಆಕಾಶವಾಣಿ ಕೇಂದ್ರ 1938ರ ಜೂನ್ 16ರಂದು ಆರಂಭವಾಯಿತು. ದೂರದರ್ಶನ 1975ರಲ್ಲಿ ಬಂದಿತು. ರೇಡಿಯೋ ನಡುಮನೆಯಲ್ಲಿತ್ತು. ಅಜ್ಜ ಕೇಳಿದ್ದನ್ನೇ ಮೊಮ್ಮಗಳೂ ಕೇಳಿದಳು. ಒಬ್ಬರು ಕಣ್ಣೊರೆಸಿಕೊಂಡರೆ ಇನ್ನೊಬ್ಬರಿಗೆ ಕಾಣುತ್ತಿತ್ತು. ಎಂಬತ್ತರ ದಶಕದಲ್ಲಿ ಹರಡಿದ ಕ್ಯಾಸೆಟ್ ಆಯ್ಕೆಯನ್ನು ಮಗುವಿನ ಕೈಗೆ ತಂದಿತು. ಮೊಬೈಲ್ ಮತ್ತು ಇಯರ್‌ಫೋನ್ ಬಂದ ಮೇಲೆ ಆಲಿಸುವಿಕೆ ಪೂರ್ತಿ ಒಬ್ಬಂಟಿಯಾಯಿತು. ಒಂದೇ ಸೋಫಾದಲ್ಲಿ ಕುಳಿತ ತಾಯಿಗೂ ಮಗನಿಗೂ ನಡುವೆ ಈಗ ಹಾಡಿನ ಗೋಡೆಯಿದೆ. ಹದಿಹರೆಯದವರಿಗೆ ಈ ಏಕಾಂತ ಬೇಕಾಗಿಯೂ ಇದೆ; ಅದನ್ನು ಕಿತ್ತುಕೊಳ್ಳುವುದು ಪರಿಹಾರವಲ್ಲ. ಆದರೆ ಒಟ್ಟಿಗೆ ಕೇಳುವ ಹೊತ್ತು ಮನೆಯಿಂದ ಪೂರ್ತಿ ಮಾಯವಾದರೆ ಮಗುವಿನ ಮುಖವನ್ನು ನೋಡುವ ಅವಕಾಶವೂ ಮಾಯವಾಗುತ್ತದೆ. ಚೆನ್ನೈಯ ಕನ್ನಡ ಮನೆಗೆ ಆಗಿರುವ ದೊಡ್ಡ ನಷ್ಟ ಹಾಡಿನ ಭಾಷೆ ಬದಲಾದುದಕ್ಕಿಂತ ಹೆಚ್ಚಾಗಿ ಈ ಜೊತೆಗೇಳ್ಮೆ ಕಳೆದುಹೋದುದು.

6. ಅರಿಯುವ ಬಗೆ

ರಾಗಕ್ಕೂ ಭಾವಕ್ಕೂ ನೇರವಾದ ಕೋಷ್ಟಕವೊಂದನ್ನು ಮಾಡಿಕೊಂಡು ಮಕ್ಕಳ ಮನಸ್ಸನ್ನು ಓದುವ, ತಿದ್ದುವ ಪ್ರಯತ್ನಗಳು ಈಚೆಗೆ ಜನಪ್ರಿಯವಾಗಿವೆ. ರಾಗದಲ್ಲಿ ಭಾವಸೂಚನೆಯ ಶಕ್ತಿ ಇಲ್ಲವೆನ್ನಲಾಗದು. ಹಿಂದೂಸ್ತಾನಿ ರಾಗಗಳ ಪರಿಚಯವೇ ಇಲ್ಲದ ಪಾಶ್ಚಾತ್ಯ ಶ್ರೋತೃಗಳೂ ಅವುಗಳಲ್ಲಿ ಉದ್ದೇಶಿತವಾದ ಸಂತೋಷ, ದುಃಖ, ಕೋಪಗಳನ್ನು ಗುರುತಿಸಬಲ್ಲರೆಂದು ಬಾಲ್ಕ್‌ವಿಲ್ ಮತ್ತು ಥಾಂಪ್ಸನ್ 1999ರಲ್ಲಿ ತೋರಿಸಿದ್ದಾರೆ. ಆದರೆ ರಾಗದ ಭಾವವನ್ನು ಗುರುತಿಸುವುದು ಒಂದು, ಆ ಭಾವ ತನ್ನಲ್ಲಿ ಇರುವುದು ಇನ್ನೊಂದು. ನೀಲಾಂಬರಿ ನಿದ್ರೆಯ ರಾಗವೆಂದು ಪ್ರಸಿದ್ಧ. ಅದನ್ನು ಹಾಡುವ ವಿಳಂಬದ ನಡೆ, ತಗ್ಗಿದ ದನಿ, ಮಡಿಲಿನ ಬಿಸುಪು ಇವುಗಳಿಂದ ನೀಲಾಂಬರಿಯನ್ನು ಬೇರ್ಪಡಿಸಿ ಯಂತ್ರದಲ್ಲಿ ಹಾಕಿದರೆ ಮಗು ಮಲಗಲೇಬೇಕೆಂಬ ನಿಯಮವಿಲ್ಲ.

ಹಾಗಾದರೆ ಸರಿಯಾದ ವಿಧಾನ ಯಾವುದು? ಕನ್ನಡದ ವಿದ್ಯಾರ್ಥಿಗಳಿಗೆ ಪರಿಚಿತವಾದ ಒಂದು ಶಿಸ್ತಿನಲ್ಲಿಯೇ ಅದಕ್ಕೆ ಮಾದರಿ ದೊರೆಯುತ್ತದೆ. ಅದು ಗ್ರಂಥಸಂಪಾದನೆ. ಮದರಾಸು ವಿಶ್ವವಿದ್ಯಾನಿಲಯದ ಕನ್ನಡ ವಿದ್ವತ್ತು ಪ್ರಾಚೀನ ಕೃತಿಗಳ ಸಂಪಾದನೆಗೂ ನಿಘಂಟು ಕಾರ್ಯಕ್ಕೂ ಹೆಸರಾದದ್ದು, ಎಂ.ಮರಿಯಪ್ಪ ಭಟ್ಟರು ಪರಿಷ್ಕರಿಸಿದ ಕಿಟೆಲ್ ನಿಘಂಟನ್ನು ವಿಶ್ವವಿದ್ಯಾನಿಲಯ 1968ರಿಂದ 1971ರವರೆಗೆ ನಾಲ್ಕು ಸಂಪುಟಗಳಲ್ಲಿ ಪ್ರಕಟಿಸಿತು. ಸಂಪಾದಕನು ಓಲೆಯಲ್ಲಿ ವಿಲಕ್ಷಣವಾದ ಪಾಠವನ್ನು ಕಂಡೊಡನೆ ತಿದ್ದುವುದಿಲ್ಲ. ಮೊದಲು ಅದನ್ನು ಗುರುತುಹಾಕಿಕೊಳ್ಳುತ್ತಾನೆ, ಬೇರೆ ಪ್ರತಿಗಳೊಡನೆ ಹೋಲಿಸುತ್ತಾನೆ, ಇದು ಲಿಪಿಕಾರನ ಕೈತಪ್ಪೋ ಬೇರೊಂದು ಪರಂಪರೆಯ ಸುಳಿವೋ ಎಂದು ವಿಚಾರಿಸುತ್ತಾನೆ.

ಮಗುವಿನ ಬಾಯಲ್ಲಿ ಹಾಡು ಪಡೆಯುವ ರೂಪವೂ ಪಾಠಾಂತರವೇ. ಪದ ತಿಳಿಯದೆ ಬದಲಾದುದು ಕೆಲವು. ತಿಳಿದೇ ಬದಲಾದುದು ಕೆಲವು. ಉದಾಹರಣೆಗೆ, ಜೋಗುಳದಲ್ಲಿ ಬರುವ ಕಂದನ ಹೆಸರಿನ ಜಾಗದಲ್ಲಿ ಮಗು ಹೊಸದಾಗಿ ಹುಟ್ಟಿದ ತಮ್ಮನ ಹೆಸರನ್ನು ಬಿಟ್ಟು ತನ್ನ ಹೆಸರನ್ನೇ ಇಟ್ಟು ಹಾಡಿಕೊಂಡರೆ ಅದು ಸಣ್ಣ ತಪ್ಪಲ್ಲ, ದೊಡ್ಡ ಮಾತು. ಅಪ್ಪ ಊರಿನಲ್ಲಿಲ್ಲದ ವಾರಗಳಲ್ಲಿ ಹಾಡಿನ ಕೊನೆಯ ನುಡಿಯನ್ನು ಮಗು ಬಿಟ್ಟು ಹಾಡಿದರೆ, ಆ ನುಡಿಯಲ್ಲಿ ಮನೆಗೆ ಮರಳುವ ಅಪ್ಪನಿದ್ದಾನೆಯೆ ಎಂದು ನೋಡಬೇಕು. ತಿದ್ದುವ ಅವಸರದಲ್ಲಿ ಇಂಥ ಪಾಠಾಂತರಗಳು ಅಳಿಸಿಹೋಗುತ್ತವೆ.

ಈ ದೃಷ್ಟಿಯಿಂದ ತಂದೆತಾಯಿಗಳೂ ಅಧ್ಯಾಪಕರೂ ಗಮನಿಸತಕ್ಕ ಅಂಶಗಳು ನಾಲ್ಕು. ಒಂದು, ಹೊತ್ತು: ಶಾಲೆಯಿಂದ ಬಂದ ಕೂಡಲೆಯೋ ಮಲಗುವ ಮುನ್ನವೋ ಜಗಳವಾದ ಮೇಲೆಯೋ ಆ ಹಾಡು ಬ���ಕಾಗುತ್ತದೆ ಎಂಬುದು. ಎರಡು, ಜೊತೆ: ಅದನ್ನು ಯಾರ ಮುಂದೆ ಕೇಳುತ್ತದೆ, ಯಾರು ಬಂದರೆ ನಿಲ್ಲಿಸುತ್ತದೆ ಎಂಬುದು. ಮೂರು, ಆವೃತ್ತಿ: ಇಡೀ ಹಾಡು ಮರಳಿ ಬೇಕೋ ಒಂದು ತುಣುಕು ಮಾತ್ರವೋ ಎಂಬುದು. ನಾಲ್ಕು, ಪಾಠಾಂತರ: ಏನನ್ನು ಬಿಡುತ್ತದೆ, ಏನನ್ನು ಸೇರಿಸುತ್ತದೆ ಎಂಬುದು. ಇವುಗಳಲ್ಲಿ ಯಾವ ಒಂದರಿಂದಲೂ ತೀರ್ಪು ಕೊಡಲಾಗದು. ನಾಲ್ಕೂ ಒಂದೇ ದಿಕ್ಕನ್ನು ತೋರಿದಾಗ ಊಹೆಗೆ ಬಲ ಬರುತ್ತದೆ. ಊಹೆಯನ್ನು ಮಗುವಿನ ಮೇಲೆ ಹೇರದೆ, ‘ಈ ಹಾಡಿನಲ್ಲಿ ನಿನಗೆ ಯಾವ ಜಾಗ ಇಷ್ಟ?’ ಎಂದು ಕೇಳಿ ಉತ್ತರಕ್ಕೆ ಕಾಯುವುದು ಮೇಲು. ‘ನೀನು ಏಕೆ ಬೇಸರದಲ್ಲಿದ್ದೀಯೆ?’ ಎಂಬ ಪ್ರಶ್ನೆಗೆ ಮಾತು ಸಿಗದ ಮಗುವಿಗೆ ಈ ಪ್ರಶ್ನೆಗೆ ಮಾತು ಸಿಗುತ್ತದೆ, ಏಕೆಂದರೆ ಅದು ತನ್ನನ್ನು ಬಿಟ್ಟು ಹಾಡನ್ನು ಕುರಿತು ಮಾತನಾಡುತ್ತಿದೆ.

ಕಾಯುವ ಕಲೆಗೆ ಚೆನ್ನೈಯಲ್ಲಿಯೇ ಒಂದು ಹಿರಿಯ ನಿದರ್ಶನವಿದೆ. ಇಟಲಿಯ ಶಿಕ್ಷಣತಜ್ಞೆ ಮರಿಯಾ ಮಾಂಟೆಸೊರಿ 1939ರಲ್ಲಿ ಅಡ್ಯಾರಿನ ಥಿಯಾಸಾಫಿಕಲ್ ಸೊಸೈಟಿಗೆ ಬಂದು ಅಧ್ಯಾಪಕರಿಗೆ ತರಬೇತಿ ಆರಂಭಿಸಿದರು. ಯುದ್ಧದ ನಿಮಿತ್ತ ಅವರು ಭಾರತದಲ್ಲಿ ವರ್ಷಗಟ್ಟಲೆ ಉಳಿಯಬೇಕಾಯಿತು. ಅವರ ಪದ್ಧತಿಯಲ್ಲಿ ನೋಟಕ್ಕೆ ಒಂದೇ ತೆರನಾದ ಗಂಟೆಗಳಲ್ಲಿ ಸಮಸ್ವರದ ಜೋಡಿಗಳನ್ನು ಮಗು ಕಿವಿಯಿಂದಲೇ ಕೂಡಿಸಬೇಕು. ಅದಕ್ಕಿಂತ ಮಹತ್ತ್ವದ್ದು ಮೌನದ ಅಭ್ಯಾಸ. ಮಕ್ಕಳೆಲ್ಲ ನಿಶ್ಶಬ್ದವಾಗಿ ಕುಳಿತಿರುವಾಗ ಅಧ್ಯಾಪಿಕೆ ದೂರದಿಂದ ಪಿಸುದನಿಯಲ್ಲಿ ಒಬ್ಬೊಬ್ಬರ ಹೆಸರನ್ನೇ ಕರೆಯುತ್ತಾಳೆ. ಕರೆ ಕೇಳಿದ ಮಗು ಸದ್ದಿಲ್ಲದೆ ಎದ್ದು ಬರುತ್ತದೆ. ಸಂಗೀತಕ್ಕೆ ಮುನ್ನ ಮೌನ ಬೇಕೆಂಬ ಈ ತತ್ತ್ವ ಮಕ್ಕಳಿಗಿಂತ ಹಿರಿಯರಿಗೆ ಹೆಚ್ಚು ಅನ್ವಯಿಸುತ್ತದೆ.

ಒಂದು ಎಚ್ಚರಿಕೆಯನ್ನು ಇಲ್ಲಿ ಸೇರಿಸಬೇಕು. ದುಃಖದ ಹಾಡನ್ನು ಕೇಳುವುದು ಸ್ವತಃ ರೋಗದ ಲಕ್ಷಣವಲ್ಲ. ಎಷ್ಟೋ ಮಕ್ಕಳು ಅದರಿಂದ ಹಗುರಾಗುತ್ತಾರೆ. ಆದರೆ ಹಾಡಿನ ಜೊತೆಗೆ ಊಟ ನಿದ್ರೆಗಳು ಕೆಟ್ಟು, ಗೆಳೆಯರ ಒಡನಾಟ ತಪ್ಪಿ, ಬದುಕು ಬೇಡವೆಂಬ ಮಾತು ಬಂದರೆ ಹಾಡಿನ ಅರ್ಥವಿಚಾರಕ್ಕೆ ಕೂರದೆ ವೈದ್ಯರ ನೆರವು ಪಡೆಯಬೇಕು. ಸಾಹಿತ್ಯದ ಓದು ಅಲ್ಲಿ ಚಿಕಿತ್ಸೆಯ ಸ್ಥಾನವನ್ನು ತುಂಬಲಾರದು.

7. ಉಪಸಂಹಾರ

ಮೇಲಿನ ವಿವೇಚನೆಯಿಂದ ಕೆಲವು ನಿರ್ಣಯಗಳಿಗೆ ಬರಬಹುದು. ಹಾಡಿನ ಭಾವವೇ ಮಗುವಿನ ಭಾವವಲ್ಲ. ಮಗು ಹಾಡನ್ನು ಬಳಸಿಕೊಳ್ಳುವ ರೀತಿಯಲ್ಲಿ ಅದರ ಭಾವದ ಸುಳಿವಿದೆ. ಭಯ, ಅವಮಾನ, ಮತ್ಸರಗಳಂಥ ಹೇಳಿಕೊಳ್ಳಲಾಗದ ಭಾವಗಳಿಗೆ ಹಾಡು ಮರೆಯನ್ನೂ ಬಾಯನ್ನೂ ಒಂದೇ ಸಲ ಒದಗಿಸುತ್ತದೆ. ಈ ಸತ್ಯವನ್ನು ದಾಸರ ಪದಗಳೂ ಪಂಜೆ, ರಾಜರತ್ನಂ, ಕುವೆಂಪು ಅವರ ಕೃತಿಗಳೂ ತಮ್ಮ ತಮ್ಮ ರೀತಿಯಲ್ಲಿ ಕಂಡುಕೊಂಡಿವೆ.

ಚೆನ್ನೈಯ ಕನ್ನಡ ಮಗು ನಾಳೆ ಯಾವ ಭಾಷೆಯ ಹಾಡನ್ನು ಕೇಳುತ್ತದೆಂಬುದನ್ನು ಹಿರಿಯರು ನಿರ್ಧರಿಸಲಾರರು. ಆ ಹಾಡನ್ನು ಅದರ ಪಕ್ಕದಲ್ಲಿ ಕುಳಿತು ಕೇಳುವುದು ಮಾತ್ರ ಅವರ ಕೈಯಲ್ಲಿದೆ. ಅಜ್ಜಿ ತನಗೆ ತಿಳಿಯದ ಹಾಡಿನ ಅರ್ಥವನ್ನು ಮೊಮ್ಮಗಳಿಂದ ಕೇಳಿದರೆ, ಮೊಮ್ಮಗಳು ಆ ಅರ್ಥವನ್ನು ಕನ್ನಡದಲ್ಲಿಯೇ ಹೇಳಬೇಕಾಗುತ್ತದೆ. ಮನೆಯ ಭಾಷೆ ಮತ್ತೆ ಮನಸ್ಸಿನ ಭಾಷೆಯಾಗಲು ಅದಕ್ಕಿಂತ ಸಹಜವಾದ ಪಾಠ ಬೇರೆ ಸಿಗುವುದು ಕಷ್ಟ.